ಸಮಸ್ಯೆ ಬಿಡಿಸುವಾಗ ಮನಸ್ಸು ಎಲ್ಲಿ ಸಿಕ್ಕಿಕೊಳ್ಳುತ್ತದೆ, ಬಿಡಿಸಿಕೊಳ್ಳುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಪೇಪರ್, ಪೆನ್ನು ಹತ್ತಿರ ಇಟ್ಟುಕೊಂಡು ಓದಿ. ಶುರುವಿನಲ್ಲೇ ಒಂದು ಸಣ್ಣ ಲೆಕ್ಕ ಇದೆ.

ನಿಮ್ಮ ಹತ್ತಿರ ಮೂರು ಪಾತ್ರೆಗಳಿವೆ. ಒಂದು 21 ಅಳತೆ ನೀರು ಹಿಡಿಯುತ್ತದೆ, ಇನ್ನೊಂದು 127, ಮೂರನೆಯದು 3. ಪಾತ್ರೆಗಳ ಮೇಲೆ ಗೆರೆ ಗಿರೆ ಏನೂ ಇಲ್ಲ. ಸರಿಯಾಗಿ 100 ಅಳತೆ ನೀರು ಬೇಕು. 127ರ ಪಾತ್ರೆ ತುಂಬಿಸಿ, ಅದರಿಂದ 21ರದ್ದಕ್ಕೆ ಒಂದು ಸಲ, 3ರದ್ದಕ್ಕೆ ಎರಡು ಸಲ ಬಗ್ಗಿಸಿದರೆ 100 ಉಳಿಯುತ್ತದೆ. ಇದೇ ಉಪಾಯಕ್ಕೆ ಬಗ್ಗುವ ಇನ್ನೂ ನಾಲ್ಕೈದು ಲೆಕ್ಕ ಮಾಡಿದ್ದೀರಿ ಅಂದುಕೊಳ್ಳಿ. ಈಗ ಪಾತ್ರೆಗಳು 23, 49 ಮತ್ತು 3. ಬೇಕಾದ್ದು 20.

49ರಿಂದ 23 ಕಳೆದು, ಆಮೇಲೆ ಎರಡು ಸಲ 3 ಕಳೆದಿರಾ? 20 ಬರುತ್ತದೆ, ತಪ್ಪೇನಿಲ್ಲ. ಆದರೆ 23ರಿಂದ ಒಂದೇ ಸಲ 3 ತೆಗೆದಿದ್ದರೂ 20 ಬರುತ್ತಿತ್ತು, ಅಲ್ವಾ?

ಅಬ್ರಹಾಂ ಲೂಚಿನ್ಸ್ ಎಂಬ ಮನೋವಿಜ್ಞಾನಿ 1942ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಹಳೆಯ ಉಪಾಯ ಕೈಗೆ ಕೂತವರಲ್ಲಿ ಬಹುಪಾಲು ಜನ ಉದ್ದದ ದಾರಿಯನ್ನೇ ಹಿಡಿದರು. ಹಿಂದಿನ ಲೆಕ್ಕಗಳನ್ನು ಮಾಡದೆ ನೇರವಾಗಿ ಇದಕ್ಕೆ ಬಂದವರಿಗೆ ಸುಲಭದ ದಾರಿ ಸಲೀಸಾಗಿ ಕಂಡಿತು. ಅಂದರೆ ಗೊತ್ತಿದ್ದ ವಿದ್ಯೆಯೇ ಕಣ್ಣಿಗೆ ಅಡ್ಡ ಬಂತು. ಇನ್ನೊಂದು ವಿಷಯ ನನಗೆ ತುಂಬ ಮುಖ್ಯ ಅನಿಸುತ್ತದೆ. ನಡುವೆ ನಿಲ್ಲಿಸಿ, "ಕುರುಡಾಗಬೇಡಿ" ಎಂದು ಹಾಳೆಯ ಮೇಲೆ ಬರೆಸಿದಾಗ ಅಷ್ಟಕ್ಕೇ ಎಷ್ಟೋ ಜನ ಎಚ್ಚೆತ್ತುಕೊಂಡರು. ಈ ಕುರುಡು ಹುಟ್ಟುಗುಣವಲ್ಲ. ಒಂದು ಸಣ್ಣ ನಿಲುಗಡೆ ಸಾಕು, ಕಣ್ಣು ಬಿಡುತ್ತದೆ. ಈ ಮಾರ್ಗದರ್ಶಿಯಲ್ಲಿ ಇರುವುದೆಲ್ಲ ಅಂಥ ನಿಲುಗಡೆಗಳೇ.

ಮೈಸೂರಿಗೆ ಮನಸ್ಸಿನ ಈ ಅಧ್ಯಯನ ಹೊಸದೇನಲ್ಲ. ಭಾರತದ ಎರಡನೇ ಮನೋವಿಜ್ಞಾನ ವಿಭಾಗ ಶುರುವಾದದ್ದು ಇಲ್ಲೇ, ಮಹಾರಾಜ ಕಾಲೇಜಿನಲ್ಲಿ, 1924ರಲ್ಲಿ. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಓದಿಬಂದ ಡಾ. ಎಂ.ವಿ. ಗೋಪಾಲಸ್ವಾಮಿ.

ಈಗ ಕೆಲಸಕ್ಕೆ ಬರೋಣ. ಕೊನೆಯವರೆಗೂ ಒಂದೇ ಉದಾಹರಣೆ ಹಿಡಿದುಕೊಂಡು ಹೋಗುತ್ತೇನೆ. ಮದ್ದೂರಿನ ಕಡೆಯ ಒಬ್ಬ ರೈತರು ಇದ್ದಾರೆ ಅಂದುಕೊಳ್ಳಿ. ಎರಡು ಎಕರೆ ಕಬ್ಬು, ಒಂದು ಬೋರು. ಬೇಸಿಗೆ ಬಂತೆಂದರೆ ಮೋಟರ್ ಸುಡುತ್ತದೆ. ಮೇಲೆತ್ತಿಸಿ, ರಿವೈಂಡಿಂಗ್ ಮಾಡಿಸಿ (ಅಂದರೆ ಸುಟ್ಟ ಸುರುಳಿ ತೆಗೆದು ಹೊಸದು ಸುತ್ತಿಸಿ), ಇಳಿಸುತ್ತಾರೆ. ಕೆಲವು ವಾರ ಓಡುತ್ತದೆ, ಮತ್ತೆ ಸುಡುತ್ತದೆ. ಮಂಡ್ಯ ಸೀಮೆಯಲ್ಲಿ ಈ ಪಾಡು ಗೊತ್ತಿಲ್ಲದ ಮನೆ ಕಡಿಮೆ.

1. ಸಮಸ್ಯೆಯನ್ನು ಬರೆಯಿರಿ, ಉತ್ತರವನ್ನು ಬರೆಯಬೇಡಿ

"ನಿಮ್ಮ ಸಮಸ್ಯೆ ಏನು?" ಅಂತ ಆ ರೈತರನ್ನು ಕೇಳಿದರೆ "ಮೋಟರ್ ರಿಪೇರಿ ಮಾಡಿಸಬೇಕು" ಎನ್ನುತ್ತಾರೆ. ಇದು ಸಮಸ್ಯೆಯಲ್ಲ, ಮೊದಲೇ ತೀರ್ಮಾನ ಮಾಡಿಕೊಂಡ ಉತ್ತರ. ನಾವೆಲ್ಲ ಹೀಗೇ ಮಾಡುತ್ತೇವೆ. "ಮಗಳಿಗೆ ಟ್ಯೂಷನ್ ಹಾಕಿಸಬೇಕು", "ದೊಡ್ಡ ಮನೆ ನೋಡಬೇಕು", "ಇನ್ನೊಬ್ಬ ಹುಡುಗನ್ನ ಕೆಲಸಕ್ಕೆ ಇಟ್ಟುಕೊಳ್ಳಬೇಕು". ಪ್ರತಿಯೊಂದರ ಹಿಂದೆಯೂ ಒಂದು ಸಮಸ್ಯೆ ಇದೆ. ಆದರೆ ಅದನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲ.

ಅಲೆನ್ ನ್ಯೂವೆಲ್ ಮತ್ತು ಹರ್ಬರ್ಟ್ ಸೈಮನ್ 1950ರ ದಶಕದಿಂದ ಜನರನ್ನು ಕೂರಿಸಿಕೊಂಡು, ಲೆಕ್ಕ ಬಿಡಿಸುವಾಗ ಮನಸ್ಸಿಗೆ ಬಂದದ್ದನ್ನೆಲ್ಲ ಜೋರಾಗಿ ಹೇಳಿಸಿ ಬರೆದುಕೊಂಡರು. ಸಮಸ್ಯೆ ಅಂದರೆ ಮೂರು ಸಂಗತಿ ಅಂತ ಅವರು ತೋರಿಸಿದರು: ಈಗ ಇರುವ ಸ್ಥಿತಿ, ಬೇಕಾದ ಸ್ಥಿತಿ, ನಡುವೆ ಇಡಬಹುದಾದ ಹೆಜ್ಜೆಗಳು. ಹಾಗಾಗಿ ಹಾಳೆಯ ಮೇಲೆ ಮೂರು ಸಾಲು ಬರೆಯಿರಿ.

ಈಗ ಏನಾಗುತ್ತಿದೆ: ಬೇಸಿಗೆಯಲ್ಲಿ ಮೋಟರ್ ಪದೇ ಪದೇ ಸುಡುತ್ತಿದೆ.
ಏನಾಗಬೇಕು: ಮಳೆ ಹಿಡಿಯುವವರೆಗೂ ಕಬ್ಬಿಗೆ ನೀರು ತಪ್ಪಬಾರದು.
ಅಡ್ಡ ಇರುವುದು: ಮೋಟರ್ ಯಾಕೆ ಸುಡುತ್ತಿದೆ ಎಂದು ಗೊತ್ತಿಲ್ಲ.

ಮೂರನೇ ಸಾಲು ನೋಡಿ. ಅಷ್ಟು ದುಡ್ಡು ಸುರಿದ ಮೇಲೂ ಕೇಳದೇ ಉಳಿದ ಪ್ರಶ್ನೆ ಅಲ್ಲಿದೆ. ಎರಡನೇ ಸಾಲನ್ನೂ ನೋಡಿ. ಗುರಿ ನೀರು, ಮೋಟರ್ ಅಲ್ಲ. ಹೀಗೆ ಬರೆದ ಕೂಡಲೇ ಹನಿ ನೀರಾವರಿ, ತರಗು ಹೊದಿಸುವುದು, ಪಕ್ಕದವರಿಂದ ನೀರು ಪಡೆಯುವುದು ಎಲ್ಲ ಲೆಕ್ಕಕ್ಕೆ ಬರುತ್ತವೆ. ಮೊದಲು ಅವುಗಳಿಗೆ ಜಾಗವೇ ಇರಲಿಲ್ಲ.

ಮನಸ್ಸಲ್ಲೇ ಇಟ್ಟುಕೊಂಡರೆ ಆಗಲ್ವಾ ಅಂತ ಕೇಳಬಹುದು. ಆಗಲ್ಲ. ಮನಸ್ಸು ಒಂದೇ ಗಳಿಗೆಯಲ್ಲಿ ಹಿಡಿದಿಟ್ಟುಕೊಳ್ಳುವುದು ಸುಮಾರು ಏಳು ಸಂಗತಿ ಎಂದು ಜಾರ್ಜ್ ಮಿಲ್ಲರ್ 1956ರಲ್ಲಿ ಹೇಳಿದರು. ಆಮೇಲಿನ ಸಂಶೋಧಕರು ಅದನ್ನು ನಾಲ್ಕರ ಹತ್ತಿರಕ್ಕೆ ಇಳಿಸಿದ್ದಾರೆ. ಸಾಲ, ನೀರು, ಕರೆಂಟು, ಮೋಟರ್, ಮಗನ ಫೀಸು ಎಲ್ಲ ಒಟ್ಟಿಗೆ ತಲೆಯಲ್ಲಿ ಕುಣಿಯುವಾಗ ಯೋಚನೆ ಮಾಡಲು ಜಾಗ ಉಳಿಯುವುದಿಲ್ಲ. ಹಾಳೆಗೆ ಇಳಿಸಿದರೆ ಆ ಜಾಗ ಖಾಲಿಯಾಗುತ್ತದೆ.

2. ಯಾವಾಗ ಆಗುತ್ತದೆ, ಯಾವಾಗ ಆಗುವುದಿಲ್ಲ

ಇದು ಈ ಬರಹದಲ್ಲೇ ಅತಿ ಹೆಚ್ಚು ಉಪಯೋಗಕ್ಕೆ ಬರುವ ಹಂತ. ಇದಕ್ಕೆ ಖರ್ಚಿಲ್ಲ. ಆದರೂ ಜನ ಇದನ್ನೇ ಬಿಟ್ಟು ಮುಂದೆ ಓಡುತ್ತಾರೆ.

ಒಳ್ಳೆಯ ಮೆಕ್ಯಾನಿಕ್ ಸ್ಪ್ಯಾನರ್ ಮುಟ್ಟುವ ಮುಂಚೆ ಮಾತಾಡಿಸುತ್ತಾನೆ.

"ಅಣ್ಣ, ಮೋಟ್ರು ಸುಟ್ಟೋದಾಗ ನೀವು ಅಲ್ಲೇ ಇದ್ರಾ?"

"ಇಲ್ಲ ಕಣಪ್ಪ, ಆಟೊ ಸ್ಟಾರ್ಟರ್‌ಗೆ ಹಾಕಿ ಮನೇಲಿ ಮಲಗಿದ್ದೆ."

"ಹೋದ್ಸಲ?"

"ಆವಾಗ್ಲೂ ರಾತ್ರಿನೇ. ತ್ರೀ ಫೇಸ್ ಬಂದು ಸ್ವಲ್ಪ ಹೊತ್ತಿಗೆ ವಾಸನೆ ಬಂತು ಅಂತ ಪಕ್ಕದ ಹೊಲದೋರು ಫೋನ್ ಮಾಡುದ್ರು."

"ನೀವೇ ಕೈಲಿ ಆನ್ ಮಾಡ್ದಾಗ ಯಾವಾಗ್ಲಾದ್ರೂ ಸುಟ್ಟದ್ದು ಉಂಟಾ?"

"...ಇಲ್ಲ ಅನ್ಸುತ್ತೆ."

"ಪಕ್ಕದೋರ ಮೋಟ್ರು?"

"ಅವ್ರುದೂ ಹೋದ್ ತಿಂಗಳು ಹೋಯ್ತು."

ನಾಲ್ಕು ಪ್ರಶ್ನೆಗೆ ಚಿತ್ರ ಎಷ್ಟು ಬದಲಾಯಿತು ನೋಡಿ. ರಿವೈಂಡಿಂಗ್ ಸರಿಯಿಲ್ಲ ಎಂಬ ಅನುಮಾನ ಹಿಂದೆ ಸರಿಯಿತು, ಯಾಕೆಂದರೆ ಪಕ್ಕದವರದ್ದೂ ಸುಟ್ಟಿದೆ. ಬೋರಿನಲ್ಲಿ ನೀರು ಇಳಿದು ಮೋಟರ್ ಒಣ ಓಡುತ್ತಿದೆಯೇ? ಹಾಗಿದ್ದರೆ ಕೈಯಲ್ಲಿ ಆನ್ ಮಾಡಿದಾಗಲೂ ತೊಂದರೆ ಕಾಣಬೇಕಿತ್ತು. ಉಳಿದದ್ದು ಕರೆಂಟ್ ಬರುವ ಗಳಿಗೆ. ಕರೆಂಟ್ ಬಂದ ಕೂಡಲೇ ಮೋಟರನ್ನು ತಾನಾಗಿ ಏಳಿಸುವ ಆಟೊ ಸ್ಟಾರ್ಟರನ್ನು ಊರಿನ ಎಲ್ಲರೂ ಹಾಕಿಟ್ಟಿದ್ದಾರೆ. ಮೋಟರಿಗೆ ಬೇಕಾದ ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ಒಂದೇ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಮೇಲಿನ ಅಷ್ಟೂ ಮೋಟರುಗಳು ಒಟ್ಟಿಗೆ ಏಳುತ್ತವೆ. ಏಳುವಾಗ ಪ್ರತಿ ಮೋಟರೂ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ವೋಲ್ಟೇಜ್ ಬೀಳುತ್ತದೆ, ಮೋಟರ್ ಪೂರ್ತಿ ವೇಗಕ್ಕೆ ಏರಲು ಆಗದೆ ಮುಲುಗುತ್ತದೆ, ಸುರುಳಿ ಕಾಯುತ್ತದೆ.

"ಯಾವಾಗ ಆಗುವುದಿಲ್ಲ" ಅನ್ನುವ ಪ್ರಶ್ನೆಯನ್ನು ಮಾತ್ರ ಮರೆಯಬೇಡಿ. ಮಗು ಮನೆಯಲ್ಲಿ ಊಟ ಮಾಡುವುದಿಲ್ಲ, ಆದರೆ ಅಜ್ಜಿ ಮನೆಯಲ್ಲಿ ಮಾಡುತ್ತದೆ ಅಂದರೆ ಅರ್ಧ ಉತ್ತರ ಅಜ್ಜಿ ಮನೆಯಲ್ಲಿದೆ.

3. ನಿಮ್ಮ ಊಹೆಯನ್ನು ಸುಳ್ಳು ಮಾಡಲು ನೋಡಿ

ಈಗ ಕೈಯಲ್ಲಿ ಒಂದು ಊಹೆ ಇದೆ. ಅಪಾಯ ಇರುವುದೂ ಇಲ್ಲೇ. ಊಹೆ ಹುಟ್ಟಿದ ಮೇಲೆ ಮನಸ್ಸು ಅದಕ್ಕೆ ಹೊಂದುವ ಸಾಕ್ಷಿಯನ್ನಷ್ಟೇ ಹುಡುಕುತ್ತದೆ.

ಪೀಟರ್ ವಾಸನ್ 1960ರಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. 2, 4, 6 ಎಂಬ ಮೂರು ಅಂಕಿ ಕೊಟ್ಟು, ಇವು ಒಂದು ನಿಯಮಕ್ಕೆ ಹೊಂದುತ್ತವೆ, ಆ ನಿಯಮ ಕಂಡುಹಿಡಿಯಿರಿ ಎಂದರು. ನೀವು ಬೇರೆ ಮೂರು ಅಂಕಿ ಹೇಳಿದರೆ, ಹೊಂದುತ್ತದೆಯೋ ಇಲ್ಲವೋ ಅಂತ ಅವರು ತಿಳಿಸುತ್ತಾರೆ. ಜನ 8, 10, 12 ಎಂದರು, ಹೊಂದುತ್ತದೆ. 20, 22, 24 ಎಂದರು, ಹೊಂದುತ್ತದೆ. "ಎರಡೆರಡು ಹೆಚ್ಚುವ ಅಂಕಿ" ಎಂದು ಧೈರ್ಯವಾಗಿ ಹೇಳಿದರು. ತಪ್ಪು. ನಿಯಮ ಇದ್ದದ್ದು ಇಷ್ಟೇ: ಅಂಕಿಗಳು ಏರುತ್ತಾ ಹೋಗಬೇಕು. 1, 7, 50 ಕೂಡ ಹೊಂದುತ್ತಿತ್ತು. 29 ಜನರಲ್ಲಿ ತಪ್ಪು ಉತ್ತರ ಹೇಳದೆ ಸರಿಯಾದದ್ದನ್ನು ತಲುಪಿದವರು 6 ಮಂದಿ ಮಾತ್ರ. ಉಳಿದವರಲ್ಲಿ ಹೆಚ್ಚಿನವರು ತಮ್ಮ ಊಹೆಯನ್ನು ಕೆಡವಬಲ್ಲ ಅಂಕಿಯನ್ನು ಕೊಟ್ಟೇ ನೋಡಲಿಲ್ಲ.

ಹಾಗಾಗಿ ಹಾಳೆಯ ಮೇಲೆ ಹೀಗೆ ಬರೆಯಿರಿ: "ನನ್ನ ಊಹೆ ತಪ್ಪಾಗಿದ್ದರೆ ನನಗೆ ಏನು ಕಾಣಬೇಕು?" ನಮ್ಮ ರೈತರ ವಿಷಯದಲ್ಲಿ ಉತ್ತರ ಸುಲಭ. ತ್ರೀ ಫೇಸ್ ಬರುವ ಹೊತ್ತಿಗೆ ಪ್ಯಾನಲ್ ಬೋರ್ಡಿನ ವೋಲ್ಟ್ ಮೀಟರ್ ಮುಂದೆ ನಿಲ್ಲಬೇಕು. ಎಲ್ಲ ಮೋಟರ್ ಎದ್ದಾಗಲೂ ಮುಳ್ಳು ಅಲುಗದಿದ್ದರೆ ಊಹೆ ಬಿತ್ತು. ಹಾಗಾದರೆ ಒಂದು ಫೇಸ್ ಕೈಕೊಡುತ್ತಿದೆಯೇ ಎಂದು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಬೇಕು. ಓವರ್‌ಲೋಡ್ ರಿಲೇ ಪದೇ ಪದೇ ಟ್ರಿಪ್ ಆಗುತ್ತದೆಂದು ಯಾರಾದರೂ ಅದನ್ನು ತಪ್ಪಿಸಿ ಡೈರೆಕ್ಟ್ ಕೊಟ್ಟಿದ್ದಾರೆಯೇ ಎಂದೂ ನೋಡಬೇಕು. ಇದು ತುಂಬಾ ಕಡೆ ನಡೆಯುತ್ತದೆ. ಮೋಟರ್ ಕಾಯುವುದಕ್ಕೇ ಇಟ್ಟ ಸಾಧನವನ್ನು "ಕಾಟ ಕೊಡ್ತದೆ" ಅಂತ ಕಿತ್ತುಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪ್ಯಾನಲ್ ಒಳಗೆ ನೀವಾಗಿ ಕೈ ಹಾಕಲೂ ಬೇಡಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಹೊಸ ಕೇಬಲ್, ಹೊಸ ಸ್ಟಾರ್ಟರ್, ರಿವೈಂಡಿಂಗ್ ಎಲ್ಲ ಒಟ್ಟಿಗೆ ಮಾಡಿಸಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ. ಮುಂದಿನ ಸಲ ಮತ್ತೆ ಎಲ್ಲಕ್ಕೂ ದುಡ್ಡು ಕೊಡಬೇಕು.

4. ದೊಡ್ಡ ಕಂದಕವನ್ನು ಸಣ್ಣದು ಮಾಡಿ

ಕೆಲವು ಸಮಸ್ಯೆಗಳಲ್ಲಿ ಕಾರಣ ಗೊತ್ತಿರುತ್ತದೆ, ದಾರಿ ದೂರ ಇರುತ್ತದೆ. ಆಗ ನ್ಯೂವೆಲ್ ಮತ್ತು ಸೈಮನ್ ಹೇಳಿದ ಇನ್ನೊಂದು ವಿಧಾನ ಬೇಕು. ಇರುವುದಕ್ಕೂ ಬೇಕಾದದ್ದಕ್ಕೂ ನಡುವಿನ ಅತಿ ದೊಡ್ಡ ವ್ಯತ್ಯಾಸ ಯಾವುದು? ಅದನ್ನು ಕಡಿಮೆ ಮಾಡಲು ಏನು ಬೇಕು? ಅದು ಸಿಗಬೇಕಾದರೆ ಅದಕ್ಕೂ ಮುಂಚೆ ಏನು ಬೇಕು? ಹೀಗೆ ಕೇಳುತ್ತಾ, ಇವತ್ತೇ ಮಾಡಬಹುದಾದ ಕೆಲಸದವರೆಗೆ ಬರುವುದು.

ನಮ್ಮ ಮಂಡ್ಯ ಜಿಲ್ಲೆಯಲ್ಲೇ ಇದಕ್ಕೆ ಒಳ್ಳೆಯ ನಿದರ್ಶನ ಇದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ತಲುಪಿತು. ಶಕ್ತಿ ಕಾವೇರಿಯಲ್ಲಿ, ಅದು ಬೇಕಾದ್ದು ಸುಮಾರು 147 ಕಿಲೋಮೀಟರ್ ಆಚೆ. ಅತಿ ದೊಡ್ಡ ವ್ಯತ್ಯಾಸ ದೂರ. ಅಷ್ಟು ದೂರ ತಂತಿಯಲ್ಲಿ ಕಳಿಸಿದರೆ ದಾರಿಯಲ್ಲೇ ಬಿಸಿಯಾಗಿ ಸೋರುತ್ತದೆ. ಸೋರಿಕೆ ತಗ್ಗಬೇಕಾದರೆ ವೋಲ್ಟೇಜ್ ಏರಿಸಬೇಕು. ಏರಿಸಲು ಒಂದು ಕಡೆ, ಮತ್ತೆ ಇಳಿಸಲು ಇನ್ನೊಂದು ಕಡೆ ಟ್ರಾನ್ಸ್‌ಫಾರ್ಮರ್ ಬೇಕು. ಒಂದೊಂದು ಪ್ರಶ್ನೆಯೂ ಮುಂದಿನದನ್ನು ಸಣ್ಣದು ಮಾಡಿತು.

ದಿನಾಂಕ ಗೊತ್ತಿರುವ ಕೆಲಸಗಳಿಗೆ, ಅಂದರೆ ಮದುವೆ, ಪರೀಕ್ಷೆ, ಗೃಹಪ್ರವೇಶಕ್ಕೆ, ಆ ದಿನದಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬನ್ನಿ. ಇದು ಮನೆ ಹಿರಿಯರಿಗೆ ಗೊತ್ತಿರುವುದೇ.

5. ಇರುವ ವಸ್ತುವನ್ನೇ ಬೇರೆಯಾಗಿ ನೋಡಿ

ಕಾರ್ಲ್ ಡಂಕರ್ ಎಂಬ ಜರ್ಮನ್ ಮನೋವಿಜ್ಞಾನಿಯ ಮೇಣದಬತ್ತಿ ಪ್ರಯೋಗ ತುಂಬಾ ಹೆಸರಾದದ್ದು. ಒಂದು ಮೇಣದಬತ್ತಿ, ಬೆಂಕಿಕಡ್ಡಿ, ಒಂದು ಡಬ್ಬಿ ತುಂಬ ಸಣ್ಣ ಮೊಳೆಗಳು. ಬತ್ತಿಯನ್ನು ಗೋಡೆಗೆ ನಿಲ್ಲಿಸಬೇಕು. ಡಬ್ಬಿ ಖಾಲಿ ಮಾಡಿ, ಅದನ್ನೇ ಮೊಳೆಯಿಂದ ಗೋಡೆಗೆ ಹೊಡೆದು, ಅದರ ಮೇಲೆ ಬತ್ತಿ ಇಟ್ಟರಾಯಿತು. ಮೊಳೆ ತುಂಬಿದ ಡಬ್ಬಿ ಕೊಟ್ಟಾಗ ಜನ ಒದ್ದಾಡಿದರು. ಖಾಲಿ ಡಬ್ಬಿ ಪಕ್ಕಕ್ಕಿಟ್ಟು ಕೊಟ್ಟಾಗ ಸಲೀಸಾಗಿ ಬಿಡಿಸಿದರು. ಒಳಗೆ ಮೊಳೆ ಇದ್ದಷ್ಟು ಹೊತ್ತು ಅದು "ಮೊಳೆ ಇಡುವ ಡಬ್ಬಿ" ಮಾತ್ರ.

ಇದಕ್ಕೆ ಮದ್ದು ಹೀಗೆ: ಸುತ್ತ ಇರುವ ವಸ್ತುಗಳನ್ನು ಅವುಗಳ ಕೆಲಸದ ಹೆಸರಿನಿಂದ ಕರೆಯಬೇಡಿ, ಗುಣದಿಂದ ವಿವರಿಸಿ. ಡಬ್ಬಿ ಅನ್ನುವ ಬದಲು "ಚಪ್ಪಟೆ ತಳದ, ಹಗುರ, ರಟ್ಟಿನದ್ದು" ಅನ್ನಿ. ಐದು ವರ್ಷದ ಮಕ್ಕಳು ಈ ಬಲೆಗೆ ದೊಡ್ಡವರಷ್ಟು ಬೀಳುವುದಿಲ್ಲ ಅಂತಲೂ ಕಂಡುಬಂದಿದೆ. ಮನೆಯಲ್ಲಿ ಮಗು ಇದ್ದರೆ ಸುಮ್ನೆ ಕೇಳಿ ನೋಡಿ.

ಇದರ ಜೊತೆಗೆ ಇನ್ನೊಂದು ಪ್ರಶ್ನೆ: ಏನನ್ನಾದರೂ ತೆಗೆದರೆ ಸರಿಹೋಗುತ್ತದೆಯೇ? 2021ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಒಂದು ರಚನೆಯನ್ನು ಸುಧಾರಿಸಿ ಎಂದಾಗ ಜನ ಮೇಲಿಂದ ಮೇಲೆ ಸೇರಿಸುತ್ತಲೇ ಹೋದರು. ತೆಗೆಯುವುದು ಸುಲಭವಾಗಿದ್ದಾಗಲೂ ಅದು ಹೊಳೆಯಲಿಲ್ಲ. ಮನೆಯಲ್ಲಿ ಜಾಗ ಸಾಲದು ಅಂತ ಇನ್ನೊಂದು ಬೀರು ತರುವ ನಮಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ.

6. ಬೇರೆ ಕಡೆ ಗೊತ್ತಿರುವ ಉಪಾಯವನ್ನು ಇಲ್ಲಿಗೆ ತನ್ನಿ

ಡಂಕರ್ ಕೊಟ್ಟ ಇನ್ನೊಂದು ಸಮಸ್ಯೆ. ಹೊಟ್ಟೆಯೊಳಗೆ ಗಡ್ಡೆ ಇದೆ, ಶಸ್ತ್ರಚಿಕಿತ್ಸೆ ಮಾಡುವಂತಿಲ್ಲ. ಜೋರಾದ ಕಿರಣ ಬಿಟ್ಟರೆ ಗಡ್ಡೆ ಸಾಯುತ್ತದೆ, ದಾರಿಯಲ್ಲಿನ ಒಳ್ಳೆಯ ಮಾಂಸವೂ ಸಾಯುತ್ತದೆ. ಮೆಲ್ಲಗೆ ಬಿಟ್ಟರೆ ಗಡ್ಡೆಗೆ ಏನೂ ಆಗುವುದಿಲ್ಲ. ಉತ್ತರ: ಸುತ್ತಲಿಂದ ಹಲವು ಮೆಲ್ಲನೆಯ ಕಿರಣಗಳನ್ನು ಬಿಡಿ, ಅವು ಗಡ್ಡೆಯಲ್ಲಿ ಮಾತ್ರ ಕೂಡಲಿ.

ಮೇರಿ ಗಿಕ್ ಮತ್ತು ಕೀತ್ ಹಾಲಿಯೋಕ್ 1980ರ ದಶಕದ ಶುರುವಿನಲ್ಲಿ ಇದನ್ನು ಮತ್ತೆ ಕೈಗೆತ್ತಿಕೊಂಡರು. ಸುಮ್ಮನೆ ಕೇಳಿದಾಗ ಹತ್ತರಲ್ಲಿ ಸುಮಾರು ಒಬ್ಬರಿಗೆ ಉತ್ತರ ಹೊಳೆಯಿತು. ಕೋಟೆಗೆ ಹಲವು ದಾರಿಗಳಿಂದ ಸಣ್ಣ ಸಣ್ಣ ತುಕಡಿ ಕಳಿಸಿ ಗೆದ್ದ ಸೇನಾಪತಿಯ ಕತೆಯನ್ನು ಮೊದಲೇ ಓದಿಸಿದರೂ ಸುಮಾರು ಮೂವರಿಗಷ್ಟೇ ಹೊಳೆಯಿತು. "ಆ ಕತೆ ಉಪಯೋಗಕ್ಕೆ ಬರಬಹುದು" ಎಂದು ಒಂದು ಮಾತು ಹೇಳಿದಾಗ ಮುಕ್ಕಾಲು ಪಾಲು ಜನ ಬಿಡಿಸಿದರು. ಉಪಾಯ ತಲೆಯಲ್ಲೇ ಇತ್ತು. ಬೇರೆ ಹೆಸರಿನ ಕೆಳಗೆ ಇತ್ತು, ಅಷ್ಟೇ.

ನಮ್ಮ ರೈತರಿಗೆ ಬನ್ನಿ. ವೋಲ್ಟ್ ಮೀಟರ್ ನೋಡಿದ್ದಾಯಿತು, ಊಹೆ ನಿಜವಾಯಿತು. ಎಲ್ಲರಿಗೂ ಒಂದೇ ಹೊತ್ತಿಗೆ ಬೇಕು, ಆದರೆ ಎಲ್ಲರಿಗೂ ಒಟ್ಟಿಗೆ ಕೊಟ್ಟರೆ ಯಾರಿಗೂ ಸಾಲುವುದಿಲ್ಲ. ಇಂಥದ್ದನ್ನು ಬೇರೆಲ್ಲಿ ನೋಡಿದ್ದೀರಿ? ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ! ಕನ್ನಂಬಾಡಿಯ ನೀರು ಕಟ್ಟು ಪದ್ಧತಿಯಲ್ಲಿ, ಸರದಿ ಪ್ರಕಾರ ಬರುವುದು ಈ ಕಾರಣಕ್ಕೇ ಅಲ್ವಾ? ಮಂಡ್ಯದ ರೈತರಿಗೆ ಸರದಿ ಅನ್ನುವುದು ರಕ್ತದಲ್ಲೇ ಇದೆ. ಅದು ನೀರಿನ ಖಾತೆಯಲ್ಲಿದೆ, ಕರೆಂಟಿನ ಖಾತೆಯಲ್ಲಿಲ್ಲ. ಆಟೊ ಸ್ಟಾರ್ಟರ್‌ಗೆ ತಡವಾಗಿ ಏಳಿಸುವ ಟೈಮರ್ ಹಾಕಿಸಿಕೊಂಡು, ಒಂದೇ ಟಿ.ಸಿ.ಯವರು ಒಬ್ಬೊಬ್ಬರು ಒಂದೊಂದು ಅಂತರ ಇಟ್ಟುಕೊಂಡರೆ ಮೋಟರುಗಳು ಸರದಿಯಲ್ಲಿ ಏಳುತ್ತವೆ.

ಹಾಗಾಗಿ ಕೇಳಿಕೊಳ್ಳುವ ಪ್ರಶ್ನೆ ಇದು: ಮೋಟರ್, ಕರೆಂಟ್, ಕಬ್ಬು ಎಂಬ ಹೆಸರುಗಳನ್ನೆಲ್ಲ ತೆಗೆದರೆ ಈ ಸಮಸ್ಯೆಯ ಎಲುಬು ಏನು?

ಇದು ವಿದ್ಯಾರ್ಥಿಗಳಿಗೆ ಇನ್ನೂ ಮುಖ್ಯ. ಮೈಸೂರಿನಲ್ಲಿ ಪಿಯುಸಿ ಓದುವ ಎಷ್ಟೋ ಮಕ್ಕಳು ಒಂದು ಪಾಠದ ಲೆಕ್ಕಗಳನ್ನು ಸಾಲಾಗಿ ಮಾಡಿ ಮುಗಿಸುತ್ತಾರೆ, ಪರೀಕ್ಷೆಯಲ್ಲಿ ತಡವರಿಸುತ್ತಾರೆ. ಮಿಶೆಲಿನ್ ಚಿ ಮತ್ತು ಜೊತೆಗಾರರು 1981ರಲ್ಲಿ ಭೌತಶಾಸ್ತ್ರದ ಲೆಕ್ಕಗಳನ್ನು ಗುಂಪು ಮಾಡಲು ಕೊಟ್ಟಾಗ, ಹೊಸಬರು "ಇಳಿಜಾರಿನವು, ಸ್ಪ್ರಿಂಗಿನವು" ಎಂದು ವಿಂಗಡಿಸಿದರು. ಪಳಗಿದವರು "ಶಕ್ತಿ ಸಂರಕ್ಷಣೆಯವು, ನ್ಯೂಟನ್ನನ ಎರಡನೇ ನಿಯಮದವು" ಎಂದು ವಿಂಗಡಿಸಿದರು. ಬೇರೆ ಬೇರೆ ಪಾಠಗಳ ಲೆಕ್ಕಗಳನ್ನು ಕಲಸಿಕೊಂಡು, ಬಿಡಿಸುವ ಮುಂಚೆ ಯಾವ ನಿಯಮದ್ದು ಅಂತ ಅಂಚಿನಲ್ಲಿ ಬರೆಯುವ ಅಭ್ಯಾಸ ಮಾಡಿಸಿ. ಉತ್ತರ ತೆಗೆಯದಿದ್ದರೂ ಪರವಾಗಿಲ್ಲ.

7. ತಲೆ ಓಡದಿದ್ದರೆ ಎದ್ದು ಹೋಗಿ, ಆದರೆ ಬರಿಗೈಲಿ ಹೋಗಬೇಡಿ

ಬಿಟ್ಟು ಎದ್ದ ಮೇಲೆ ಉತ್ತರ ಹೊಳೆಯುವುದನ್ನು ಗ್ರಹಾಂ ವಾಲಸ್ 1926ರಲ್ಲೇ ಗುರುತಿಸಿದ್ದರು. ಅವರು ಹೇಳಿದ ಕ್ರಮದಲ್ಲಿ ಮೊದಲು ಬರುವುದು ತಯಾರಿ. ಹಾಳೆಯ ಮೇಲೆ ಒದ್ದಾಡಿದವರಿಗೆ ವಿರಾಮ ಉಪಯೋಗಕ್ಕೆ ಬರುತ್ತದೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಸುತ್ತು ಹಾಕಿ, ಫೋನ್ ಜೇಬಲ್ಲಿರಲಿ. ನಡೆಯುವಾಗ ಹೊಸ ಆಲೋಚನೆಗಳು ಹೆಚ್ಚು ಬರುತ್ತವೆ ಎಂದು 2014ರ ಸ್ಟ್ಯಾನ್‌ಫರ್ಡ್ ಅಧ್ಯಯನವೊಂದು ತೋರಿಸಿದೆ.

"ಇನ್ನೂ ಹತ್ತಿರವೇ ಬಂದಿಲ್ಲ" ಎಂಬ ಭಾವನೆಯನ್ನೂ ನಂಬಬೇಡಿ. ಥಟ್ಟನೆ ಹೊಳೆಯುವ ಬಗೆಯ ಸಮಸ್ಯೆಗಳಲ್ಲಿ, ಉತ್ತರ ಸಿಗುವ ಹಿಂದಿನ ಗಳಿಗೆಯವರೆಗೂ ಜನಕ್ಕೆ ದೂರ ಇದ್ದೇವೆ ಅಂತಲೇ ಅನಿಸುತ್ತದೆ. ಜಾನೆಟ್ ಮೆಟ್‌ಕಾಫ್ 1980ರ ದಶಕದಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ.

8. ಜನ ಸೇರಿಸುವ ಮುಂಚೆ ಒಬ್ಬೊಬ್ಬರೇ ಬರೆಯಲಿ

ಟೈಮರ್ ಅಂತರ ಯಾರಿಗೆ ಎಷ್ಟು? ಇದನ್ನು ಒಬ್ಬರೇ ತೀರ್ಮಾನಿಸಲು ಆಗುವುದಿಲ್ಲ. ಟಿ.ಸಿ. ಹಂಚಿಕೊಂಡವರೆಲ್ಲ ಅರಳಿಕಟ್ಟೆಯಲ್ಲಿ ಸೇರಬೇಕು. ಸೇರಿದರೆ ಆಗುವುದು ಗೊತ್ತೇ ಇದೆ. ಊರಿನ ಹಿರಿಯರೊಬ್ಬರು ಮೊದಲು ಮಾತಾಡುತ್ತಾರೆ, ಉಳಿದವರು "ಹೌದು ಬುಡಣ್ಣ" ಎನ್ನುತ್ತಾರೆ.

1958ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ಜನರನ್ನು ಒಟ್ಟಿಗೆ ಕೂರಿಸಿ ಆಲೋಚನೆ ಹೇಳಿಸಿದರು. ಬೇರೆ ನಾಲ್ವರಿಂದ ಒಬ್ಬೊಬ್ಬರೇ ಯೋಚಿಸಿದ್ದನ್ನು ಪಡೆದು ಆಮೇಲೆ ಕೂಡಿಸಿದರು. ಬೇರೆ ಬೇರೆ ಕೂತವರಿಂದಲೇ ಹೆಚ್ಚು ಆಲೋಚನೆಗಳು ಬಂದವು. ಆದ್ದರಿಂದ ಮೊದಲು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯಲಿ, ಬರೆಯಲು ಬಾರದವರು ಪಕ್ಕಕ್ಕೆ ಕರೆದು ಹೇಳಲಿ. ಕಿರಿಯರು ಮೊದಲು, ಹಿರಿಯರು ಕೊನೆಗೆ. ಹಿರಿಯರಿಗೆ ಇದರಲ್ಲಿ ಮರ್ಯಾದೆ ಕಡಿಮೆಯಾಗುವುದಿಲ್ಲ, ಕೊನೆಯ ಮಾತು ಅವರದ್ದೇ ಆಗುತ್ತದೆ. ಮನೆಯ ವಿಷಯಕ್ಕೂ ಇದೇ ಕ್ರಮ ಇರಲಿ. ಸೊಸೆಯ ಚೀಟಿಯನ್ನೂ ಓದಿ. ಅಡುಗೆಮನೆಯ ನೀರಿನ ಲೆಕ್ಕ ಅವಳಿಗೇ ಚೆನ್ನಾಗಿ ಗೊತ್ತಿರುತ್ತದೆ.

9. ಸಣ್ಣದಾಗಿ ಮಾಡಿ ನೋಡಿ, ಸೋಲು ಅಂದರೆ ಏನೆಂದು ಮೊದಲೇ ಬರೆಯಿರಿ

ಹತ್ತು ಜನ ಒಪ್ಪುವವರೆಗೆ ಕಾಯಬೇಕಿಲ್ಲ. ಮೂರು ಮೋಟರಿಗೆ ಟೈಮರ್ ಹಾಕಿ ನೋಡಬಹುದು. ಆದರೆ ಶುರುಮಾಡುವ ಮುಂಚೆ ಎರಡು ವಿಷಯ ಬರೆದಿಡಿ. ಎಷ್ಟು ವೋಲ್ಟೇಜ್ ಸಿಕ್ಕರೆ ಗೆದ್ದಂತೆ? ಯಾವ ದಿನದೊಳಗೆ ಬದಲಾವಣೆ ಕಾಣದಿದ್ದರೆ ಬಿಡುತ್ತೇವೆ? ಮೊದಲೇ ಬರೆಯದಿದ್ದರೆ ಆಮೇಲೆ ಮನಸ್ಸು ರಾಜಿಗೆ ಇಳಿಯುತ್ತದೆ. "ಇಷ್ಟು ದುಡ್ಡು ಹಾಕಿದ್ದೀವಿ, ಇನ್ನೊಂದು ಸಲ ನೋಡೋಣ" ಎನ್ನುತ್ತದೆ. ಹೋದ ದುಡ್ಡು ಹೋಯಿತು, ಮುಂದಿನ ತೀರ್ಮಾನದಲ್ಲಿ ಅದಕ್ಕೆ ಓಟಿಲ್ಲ.

ಒಂದು ನೋಟ್‌ಬುಕ್ಕನ್ನು ಪ್ಯಾನಲ್ ಬೋರ್ಡಿನ ಪೆಟ್ಟಿಗೆ ಹತ್ತಿರವೇ ನೇತುಹಾಕಿ. ತಾರೀಖು, ತ್ರೀ ಫೇಸ್ ಬಂದ ಹೊತ್ತು, ಮೀಟರ್ ತೋರಿಸಿದ ವೋಲ್ಟೇಜ್, ಎಷ್ಟು ಮೋಟರ್ ಓಡುತ್ತಿದ್ದವು. ಈ ನಾಲ್ಕು ಕಾಲಂ ಸಾಕು. ಮಗನೋ ಮಗಳೋ ಬರೆಯಲಿ. ಟಿ.ಸಿ. ಸಾಮರ್ಥ್ಯವೇ ಸಾಲದು ಎಂದು ಕಡೆಗೆ ಕಂಡುಬಂದರೆ, ಹೆಚ್ಚಿನದಕ್ಕೆ ಅರ್ಜಿ ಹಾಕುವಾಗ ಆ ಹಾಳೆಗಳ ಜೆರಾಕ್ಸ್ ಜೊತೆಗಿಡಿ.